ರಾಜಿಯ ಖರ್ಚು ಯಾರ ಲೆಕ್ಕಕ್ಕೆ?

ಸೆಪ್ಟೆಂಬರ್ 14 ಬಂತು ಅಂದ್ರೆ ನಮ್ಮ ಟೈಮ್‌ಲೈನ್‌ಗಳಲ್ಲಿ ಹಿಂದಿ ದಿವಸದ ಜಗಳ ಶುರು. ಅದೇ ತಾರೀಖಿಗೆ ಬೇರೆ ಜಗಳಗಳ ನಂಟೂ ಇದೆ, ಅದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. 1984ರ ಸೆಪ್ಟೆಂಬರ್ 14ರಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಗೆ ಅಂಕಿತ ಬಿತ್ತು. ಸರಿಯಾಗಿ 39 ವರ್ಷ ಕಳೆದು 2023ರ ಸೆಪ್ಟೆಂಬರ್ 14ರಂದು ಮಧ್ಯಸ್ಥಿಕೆ ಕಾಯ್ದೆಗೆ ಅಂಕಿತ ಬಿತ್ತು. ಮೊದಲನೆಯದು ಮನೆ ಜಗಳಕ್ಕಷ್ಟೇ ಸಂಬಂಧಪಟ್ಟಿದ್ದು, ಎರಡನೆಯದು ಎಲ್ಲ ಬಗೆಯ ಸಿವಿಲ್ ತಕರಾರುಗಳಿಗೂ. ಆದರೆ ಎರಡೂ ಹೇಳೋ ಬುದ್ಧಿಮಾತು ಒಂದೇ: ಕಾದಾಡಿ ಮುಗಿಸೋದಕ್ಕಿಂತ ಕೂತು ಮಾತಾಡಿ ಮುಗಿಸಿಕೊಳ್ಳಿ.

ಒಳ್ಳೆ ಮಾತೇ. ಆದರೆ ಕೂತು ಮಾತಾಡೋಕೂ ಒಂದು ಕೋಣೆ ಬೇಕು, ನಾಲ್ಕು ಕುರ್ಚಿ ಬೇಕು, ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳೋ ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೂ ಹೊಟ್ಟೆ ಇದೆ, ಮನೆ ಬಾಡಿಗೆ ಇದೆ. ಈ ಖರ್ಚು ಯಾರು ಕೊಡಬೇಕು? ಗಂಡನೋ, ಹೆಂಡತಿಯೋ, ಊರೋ, ಸರ್ಕಾರವೋ? ಎಪ್ಪತ್ತು ವರ್ಷಗಳಿಂದ ನಮ್ಮ ದೇಶ ಈ ಪ್ರಶ್ನೆಗೆ ಒಂದೊಂದು ಕಾಲಕ್ಕೆ ಒಂದೊಂದು ಉತ್ತರ ಕೊಡುತ್ತಾ ಬಂದಿದೆ. ಆ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾನೂನಿನ ಇತಿಹಾಸಕ್ಕಿಂತ ಬೇರೆಯದೇ ಒಂದು ಕಥೆ ಕಾಣುತ್ತೆ. ಅದನ್ನು ಹೇಳೋಕೆ ಹೊರಟಿದ್ದೀನಿ.

ಹಿಂದಿನ ಕಾಲದ ಉತ್ತರ ಗೊತ್ತೇ ಇದೆಯಲ್ಲ, ಊರ ಪಂಚಾಯ್ತಿ. ನಮ್ಮಜ್ಜಿ ಹೇಳ್ತಿದ್ದ ಲೆಕ್ಕ ಪ್ರಕಾರ ಪಂಚಾಯ್ತಿ ಪುಕ್ಕಟೆ ಏನೂ ಆಗಿರಲಿಲ್ಲ. ಸೇರಿಸಿದವರು ಎಲೆ ಅಡಿಕೆ, ಬೀಡಿ, ಕಾಫಿ ನೋಡಿಕೊಳ್ಳಬೇಕು. ದೂರದಿಂದ ಬಂದ ಹಿರಿಯರಿಗೆ ಊಟ ಹಾಕಬೇಕು. ತಪ್ಪು ಅಂತ ತೀರ್ಮಾನವಾದವರು ದಂಡ ಕಟ್ಟಬೇಕು, ಅದರಲ್ಲಿ ಒಂದು ಪಾಲು ದೇವಸ್ಥಾನಕ್ಕೆ. "ಯಾರ ಮನೇಲಿ ಊಟ ಆಯ್ತೋ ಅವರ ಕಡೆಗೇ ತೀರ್ಮಾನ ವಾಲೋದು" ಅಂತ ಅಜ್ಜಿ ನಗಾಡ್ತಾ ಹೇಳೋರು. ಜಗಲಿ ಮೇಲೆ ಗಂಡಸರು, ಬಾಗಿಲ ಹಿಂದೆ ಹೆಂಗಸರು. ಯಾರ ಬದುಕಿನ ಬಗ್ಗೆ ಮಾತು ನಡೀತಿದೆಯೋ ಆ ಹೆಣ್ಣುಮಗಳೂ ಬಾಗಿಲ ಹಿಂದೆಯೇ. ಖರ್ಚು ಕೊಟ್ಟವರ ಮಾತು ನಡೆಯುತ್ತೆ ಅನ್ನೋ ಈ ಸಣ್ಣ ಸತ್ಯವನ್ನು ನೆನಪಿಟ್ಟುಕೊಳ್ಳಿ. ಮುಂದೆ ಕೋಟಿ ಕೋಟಿ ಲೆಕ್ಕ ಬಂದಾಗಲೂ ಇದು ಕೆಲಸಕ್ಕೆ ಬರುತ್ತೆ.

ಸ್ವಾತಂತ್ರ್ಯ ಬಂದ ಮೇಲೆ ಹಿಂದೂ ವಿವಾಹ ಕಾಯ್ದೆ ಬಂತು, 1955ರಲ್ಲಿ. ವಿಚ್ಛೇದನಕ್ಕೆ ದಾರಿ ಮಾಡಿಕೊಟ್ಟ ಅದೇ ಕಾಯ್ದೆ, ಮೊದಲು ಗಂಡ ಹೆಂಡತಿಯನ್ನು ಒಂದು ಮಾಡೋಕೆ ಪ್ರಯತ್ನ ಪಡಿ ಅಂತ ನ್ಯಾಯಾಧೀಶರಿಗೆ ಹೇಳಿತು. ಹೇಳಿತು, ಅಷ್ಟೇ. ಜಮೀನಿನ ವ್ಯಾಜ್ಯ, ಸಾಲದ ದಾವೆಗಳ ಮಧ್ಯೆ ಕೂತಿರೋ ನ್ಯಾಯಾಧೀಶರು ಇದಕ್ಕೆ ಸಮಯ ಎಲ್ಲಿಂದ ತರಬೇಕು? ಹಣವೂ ಇಲ್ಲ, ಜನವೂ ಇಲ್ಲ. "ಒಂದು ಸಲ ಮಾತಾಡಿ ನೋಡ್ರಪ್ಪ" ಅನ್ನೋದರಲ್ಲಿ ರಾಜಿ ಪ್ರಯತ್ನ ಮುಗೀತಿತ್ತು.

ಇದಕ್ಕೆ ಬೇರೆ ವ್ಯವಸ್ಥೆಯೇ ಬೇಕು ಅಂತ ಮೊದಲೇ ಹೇಳಿದವರು ದುರ್ಗಾಬಾಯಿ ದೇಶ್‌ಮುಖ್. ಅವರ ಕಥೆ ಗೊತ್ತಾದರೆ ಯಾಕೆ ಅವರೇ ಹೇಳಿದರು ಅನ್ನೋದೂ ಗೊತ್ತಾಗುತ್ತೆ. ಎಂಟನೇ ವಯಸ್ಸಿಗೆ ಮದುವೆ ಮಾಡಿದ್ದರು. ಬುದ್ಧಿ ಬಂದ ಮೇಲೆ ಆ ಮದುವೆಯಲ್ಲಿ ಬಾಳೋಕೆ ಆಗೋದಿಲ್ಲ ಅಂತ ಹೊರಬಂದರು. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡರು, ಆಮೇಲೆ ಓದಿ ವಕೀಲರಾದರು, ಸಂವಿಧಾನ ಸಭೆಯಲ್ಲಿ ಕೂತರು. 1953ರಲ್ಲಿ ಚೀನಾಕ್ಕೆ ಹೋದಾಗ ಅಲ್ಲಿನ ಕೌಟುಂಬಿಕ ನ್ಯಾಯಾಲಯಗಳನ್ನು ನೋಡಿ ಬಂದು, ನಮ್ಮಲ್ಲೂ ಇಂಥದ್ದು ಬೇಕು ಅಂತ ಬಾಂಬೆ ಹೈಕೋರ್ಟಿನ ಎಂ.ಸಿ. ಛಾಗ್ಲಾ ಮತ್ತು ಪಿ.ಬಿ. ಗಜೇಂದ್ರಗಡ್ಕರ್ ಅವರ ಹತ್ತಿರ ಚರ್ಚೆ ಮಾಡಿದರು, ನೆಹರೂಗೂ ಹೇಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿತು, ಅದರ ಮೊದಲ ಅಧ್ಯಕ್ಷೆ ಅವರೇ. ಸರ್ಕಾರದ ದುಡ್ಡನ್ನು ಸ್ವಯಂಸೇವಾ ಸಂಸ್ಥೆಗಳ ಕೈಗೆ ಕೊಟ್ಟು ಕೆಲಸ ಮಾಡಿಸೋ ಮಂಡಳಿ ಅದು. ಕೋರ್ಟಿನ ಯೋಚನೆ ಕಡತದಲ್ಲಿ ಉಳೀತು, ಮಂಡಳಿ ಮಾತ್ರ ಬೆಳೀತು.

ಮೂವತ್ತು ವರ್ಷ ಹಾಗೇ ಕಳೆಯಿತು. ಮಧ್ಯೆ 1974ರಲ್ಲಿ ಕಾನೂನು ಆಯೋಗ ತನ್ನ 59ನೇ ವರದಿಯಲ್ಲಿ, ಸಂಸಾರದ ವ್ಯಾಜ್ಯಗಳನ್ನು ಮಾಮೂಲಿ ಸಿವಿಲ್ ದಾವೆಗಳ ಥರ ನಡೆಸಬೇಡಿ ಅಂತ ಹೇಳಿತು. 1976ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ, ಅಂದರೆ ನಮ್ಮ ಆಫೀಸ್ ಕ್ಯಾಂಟೀನ್‌ಗಳಲ್ಲೂ ಈಗ ಕಿವಿಗೆ ಬೀಳೋ 'ಮ್ಯೂಚುಯಲ್', ಹಿಂದೂ ವಿವಾಹ ಕಾಯ್ದೆಯೊಳಗೆ ಬಂತು. ಆಮೇಲೆ ಬಂದದ್ದು 1983.

ಆ ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವರದಕ್ಷಿಣೆಗಾಗಿ ಸುಟ್ಟುಹೋದ ಹೆಣ್ಣುಮಕ್ಕಳ ಸುದ್ದಿ ಪೇಪರ್‌ಗಳಲ್ಲಿ ಸಾಲುಗಟ್ಟಿತ್ತು, ಹೆಂಗಸರ ಸಂಘಟನೆಗಳು ರಸ್ತೆಗಿಳಿದಿದ್ದವು. ಅದೇ 1983ರಲ್ಲಿ ಸರ್ಕಾರ ಎರಡು ಕೆಲಸ ಮಾಡಿತು. ಒಂದು, ಭಾರತೀಯ ದಂಡ ಸಂಹಿತೆಗೆ 498ಎ ಸೇರಿಸಿ, ಹೆಂಡತಿಗೆ ಕಿರುಕುಳ ಕೊಡೋದು ಜೈಲಿಗೆ ಹೋಗೋ ಅಪರಾಧ ಅಂದಿತು. ಇನ್ನೊಂದು, ಸಮಾಜ ಕಲ್ಯಾಣ ಮಂಡಳಿಯ ಮೂಲಕ ಕುಟುಂಬ ಸಲಹಾ ಕೇಂದ್ರಗಳ ಯೋಜನೆ ತಂದು, ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು, ಸಮಾಲೋಚಕರನ್ನು ಗೌರವಧನದ ಮೇಲೆ ಕೂರಿಸಿತು. ಒಂದು ಕೈಯಲ್ಲಿ ಬೇಡಿ, ಇನ್ನೊಂದು ಕೈಯಲ್ಲಿ ಸಮಾಧಾನ. ಇಂಥ ಕೆಲವು ಕೇಂದ್ರಗಳು ಪೊಲೀಸ್ ಇಲಾಖೆಯ ಕಚೇರಿಗಳಲ್ಲೇ ಕೆಲಸ ಮಾಡಿದವು ಅಂದರೆ ಎರಡು ಕೈಗಳ ನಡುವಿನ ದೂರ ಎಷ್ಟು ಕಮ್ಮಿ ಅಂತ ಲೆಕ್ಕ ಹಾಕಿ. ದೂರು ಕೊಡೋಕೆ ಬಂದವಳನ್ನು ಯಾವ ಬಾಗಿಲಿಗೆ ಕಳಿಸಬೇಕು? ಅಪರಾಧ ಅಂತ ಬರೆದುಕೊಳ್ಳೋ ಬಾಗಿಲಿಗೋ, ಅಡ್ಜಸ್ಟ್ ಮಾಡಿಕೊಳ್ಳಮ್ಮ ಅನ್ನೋ ಬಾಗಿಲಿಗೋ? ಈ ಗೊಂದಲ ಅವತ್ತು ಹುಟ್ಟಿದ್ದು, ಇವತ್ತಿಗೂ ಬಗೆಹರಿದಿಲ್ಲ.

ಮಾರನೇ ವರ್ಷ, 1984ರಲ್ಲಿ, ದುರ್ಗಾಬಾಯಿ ಕೇಳಿದ್ದ ಕಾಯ್ದೆ ಕೊನೆಗೂ ಬಂತು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಕಾಯ್ದೆಯನ್ನು ಓದಿದರೆ ಕನಸು ದೊಡ್ಡದೇ. ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರೋ ಊರುಗಳಲ್ಲಿ ಪ್ರತ್ಯೇಕ ನ್ಯಾಯಾಲಯ. ಅಲ್ಲಿ ವಕೀಲರನ್ನು ಇಟ್ಟುಕೊಳ್ಳೋದು ಹಕ್ಕು ಅಂತ ಕೇಳೋ ಹಾಗಿಲ್ಲ. ಸಮಾಲೋಚಕರು, ಸಮಾಜ ಸೇವಾ ಸಂಸ್ಥೆಗಳು, ಬೇಕಾದರೆ ಡಾಕ್ಟರು, ಎಲ್ಲರೂ ಸೇರಿ ಮನೆಯ ಗಂಟು ಬಿಡಿಸಬೇಕು. ಮೊದಲ ಕರ್ತವ್ಯವೇ ರಾಜಿಗೆ ಪ್ರಯತ್ನ. ಆದರೆ ಕಾಯ್ದೆ ಮಾಡಿದ್ದು ದೆಹಲಿ, ನ್ಯಾಯಾಲಯ ಕಟ್ಟಬೇಕಾಗಿದ್ದು ರಾಜ್ಯಗಳು. ಮದುವೆ ನಿಶ್ಚಯ ಮಾಡಿದವರು ಒಬ್ಬರು, ಛತ್ರದ ಬಿಲ್ಲು ಇನ್ನೊಬ್ಬರಿಗೆ ಅನ್ನೋ ಹಾಗೆ! 2002-03ರಲ್ಲಿ ಕೇಂದ್ರ ಒಂದು ಯೋಜನೆ ತಂದು, ಕಟ್ಟಡದ ಅರ್ಧ ಖರ್ಚು ಕೊಡ್ತೀವಿ, ಆದರೆ ಹತ್ತು ಲಕ್ಷ ಮೀರಬಾರದು, ವರ್ಷದ ನಿರ್ವಹಣೆಗೆ ಐದು ಲಕ್ಷ ಅಂದಿತು. ಐದು ಲಕ್ಷದಲ್ಲಿ ಒಂದು ಕೋರ್ಟು ವರ್ಷವಿಡೀ ನಡೆಯೋದು ಹೇಗೆ ಅಂತ ನಿಮಗೇ ಬಿಟ್ಟಿದ್ದೀನಿ. ರಾಜ್ಯಗಳು ನಿಧಾನ ಮಾಡಿದವು. ವಕೀಲರು ನ್ಯಾಯಾಲಯದ ಅನುಮತಿ ಪಡೆದು ಒಳಗೆ ಬಂದರು, ಆಮೇಲೆ ಅದೇ ರೂಢಿಯಾಯಿತು. ಕೌಟುಂಬಿಕ ನ್ಯಾಯಾಲಯವೂ ವಾಯಿದೆ ಮೇಲೆ ವಾಯಿದೆ ಕೊಡೋ ಇನ್ನೊಂದು ಕೋರ್ಟ್ ಆಯಿತು.

ಇದೇ ಹೊತ್ತಿಗೆ ಕರ್ನಾಟಕದ ಹಳ್ಳಿಗಳಲ್ಲಿ ಬೇರೆ ಒಂದು ಪ್ರಯೋಗ ನಡೀತಿತ್ತು, ನನಗೆ ತುಂಬ ಇಷ್ಟವಾದ ಅಧ್ಯಾಯ ಅದು. 1989ರ ಹೊತ್ತಿಗೆ ಮಹಿಳಾ ಸಮಖ್ಯಾ ಅನ್ನೋ ಕಾರ್ಯಕ್ರಮ ಮೂರು ರಾಜ್ಯಗಳಲ್ಲಿ ಶುರುವಾಯಿತು, ಅದರಲ್ಲಿ ನಮ್ಮದೂ ಒಂದು. ನಮ್ಮಲ್ಲಿ ಮೊದಲು ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳು. ಯೋಜನೆ ಭಾರತ ಸರ್ಕಾರದ ಶಿಕ್ಷಣ ಇಲಾಖೆಯದು, ದುಡ್ಡು ಬಹಳ ವರ್ಷ ನೆದರ್‌ಲ್ಯಾಂಡ್ಸ್ ಸರ್ಕಾರದ್ದು. ಓದು ಬರಹಕ್ಕಿಂತ ಮೊದಲು ಹೆಂಗಸರು ಗುಂಪಾಗಿ ಕೂತು ಮಾತಾಡಲಿ ಅನ್ನೋದು ಅದರ ದಾರಿ. ಹಾಗೆ ಕೂತು ಮಾತಾಡಿದಾಗ ಬಂದದ್ದು ಏನು? ಹೊಡೆತ, ಕುಡಿತ, ಎರಡನೇ ಮದುವೆ, ತವರಿಗೆ ಅಟ್ಟಿದ್ದು. ಅದರಿಂದ ನಾರಿ ಅದಾಲತ್‌ಗಳು ಹುಟ್ಟಿಕೊಂಡವು. ಗುಜರಾತಿನಲ್ಲಿ ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಶುರುವಾಗಿ, ಆಮೇಲೆ ಕರ್ನಾಟಕದಲ್ಲೂ ನಡೆದವು. ತೀರ್ಮಾನ ಮಾಡೋಕೆ ಕೂತವರು ಅದೇ ಸೀಮೆಯ ಹೆಂಗಸರು. ಕಾನೂನಿನ ತರಬೇತಿ ಪಡೆದವರು, ಆದರೆ ಡಿಗ್ರಿ ಇಲ್ಲದವರು. ಅವರ ತೀರ್ಮಾನಕ್ಕೆ ಕೋರ್ಟಿನ ಬಲ ಇರಲಿಲ್ಲ. ಹತ್ತು ಜನ ಹೆಂಗಸರು ಮನೆ ಮುಂದೆ ಬಂದು ನಿಂತರೆ ಸಿಗೋ ಬಲ ಮಾತ್ರ ಇತ್ತು, ಅದು ಕಮ್ಮಿ ಏನಲ್ಲ. ಬಾಗಿಲ ಹಿಂದೆ ನಿಂತಿದ್ದವರು ಜಗಲಿ ಮೇಲೆ ಕೂತ ಘಟನೆ ಇದು.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಸರ್ಕಾರ ರಾಜಿಗೆ ಅಂತ ದುಡ್ಡು ಕೊಟ್ಟಿರಲಿಲ್ಲ. ಹೆಂಗಸರು ಒಟ್ಟು ಸೇರೋದಕ್ಕೆ ಕೊಟ್ಟಿತ್ತು. ಸೇರಿದ ಮೇಲೆ ರಾಜಿ ಮಾಡಬೇಕೋ ಕೇಸು ಹಾಕಬೇಕೋ ಅನ್ನೋದನ್ನು ಅವರೇ ತೀರ್ಮಾನಿಸಿದರು. 2016ರಲ್ಲಿ ಕೇಂದ್ರ ಸರ್ಕಾರ ಮಹಿಳಾ ಸಮಖ್ಯಾವನ್ನು ನಿಲ್ಲಿಸಿತು. ಕೆಲವೇ ವರ್ಷಗಳಲ್ಲಿ, ಮಿಷನ್ ಶಕ್ತಿ ಅನ್ನೋ ಹೊಸ ಯೋಜನೆಯಡಿ 'ನಾರಿ ಅದಾಲತ್' ಅನ್ನೋ ಹೆಸರು ವಾಪಸ್ ಬಂತು, ಪ್ರಾಯೋಗಿಕವಾಗಿ ಅಸ್ಸಾಂ ಮತ್ತು ಜಮ್ಮು-ಕಾಶ್ಮೀರದಲ್ಲಿ. ಹೆಸರು ಒಂದು ಆದೇಶದಲ್ಲಿ ವಾಪಸ್ ಬರುತ್ತೆ. ಇಪ್ಪತ್ತೈದು ವರ್ಷ ಕೂತು ಪಳಗಿದ ಹೆಂಗಸರು ಹಾಗೆ ಬರೋದಿಲ್ಲ.

ಇನ್ನು ಕೋರ್ಟಿನ ಕಡೆಯ ಕಥೆಗೆ ಬರೋಣ, ಅಲ್ಲಿ ಒಂದು ಒಳ್ಳೆ ತಿರುವು ಇದೆ.

1999ರಲ್ಲಿ ಸಂಸತ್ತು ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ಮಾಡಿ 89ನೇ ಸೆಕ್ಷನ್ನನ್ನು ಹೊಸ ರೂಪದಲ್ಲಿ ಸೇರಿಸಿತು. ರಾಜಿಯ ಸಾಧ್ಯತೆ ಕಂಡರೆ ನ್ಯಾಯಾಧೀಶರು ಕೇಸನ್ನು ಮಧ್ಯಸ್ಥಿಕೆಗೆ, ಲೋಕ ಅದಾಲತ್‌ಗೆ ಕಳಿಸಬಹುದು. ದೇಶದ ವಕೀಲರು ಆ ತಿದ್ದುಪಡಿಗಳ ವಿರುದ್ಧ ಬೀದಿಗಿಳಿದರು. ಜಾರಿಗೆ ಬಂದದ್ದು 2002ರ ಜುಲೈ 1ಕ್ಕೆ. ತಮಿಳುನಾಡಿನ ಸೇಲಂನ ವಕೀಲರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ತಿದ್ದುಪಡಿ ಬಿದ್ದುಹೋಗಲಿಲ್ಲ, ಆದರೆ ಅದೇ ಕೇಸಿನಲ್ಲಿ ಯಾರೂ ಅಷ್ಟಾಗಿ ನೆನಪಿಟ್ಟುಕೊಳ್ಳದ ಒಂದು ಪ್ರಶ್ನೆ ಎದ್ದಿತು: ಕೋರ್ಟು ರಾಜಿಗೆ ಕಳಿಸಿದರೆ, ಮಧ್ಯಸ್ಥರ ಫೀಸು ಯಾರು ಕೊಡಬೇಕು? ಕಕ್ಷಿದಾರರೇ ಕೊಡಲಿ ಅಂದರೆ ಬಡವರು ಆ ಕಡೆ ತಲೆ ಹಾಕೋದಿಲ್ಲ. 2005ರ ಆಗಸ್ಟ್ 2ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು: ಇದನ್ನು ಪರಿಶೀಲಿಸಿ, ಒಪ್ಪುವುದಾದರೆ ಯೋಜನಾ ಆಯೋಗ, ಹಣಕಾಸು ಆಯೋಗಗಳನ್ನು ಕೇಳಿ ನ್ಯಾಯಾಂಗಕ್ಕೆ ಅಂತಲೇ ಹಣ ಮೀಸಲಿಡಿಸಿ, ಅದರಲ್ಲಿ ಮಧ್ಯಸ್ಥಿಕೆಯ ಖರ್ಚೂ ಸೇರಿರಲಿ. ರಾಜ್ಯದ ಕೋರ್ಟುಗಳಲ್ಲಿ ಕೇಂದ್ರದ ಕಾಯ್ದೆಗಳ ಕೇಸುಗಳೇ ರಾಶಿ ಬಿದ್ದಿರುವಾಗ ಕೇಂದ್ರ ಕೈಕಟ್ಟಿ ಕೂರುವ ಹಾಗಿಲ್ಲ ಅನ್ನೋ ಧಾಟಿ ಅದರಲ್ಲಿತ್ತು. ವಿರೋಧಿಸೋಕೆ ಹೋದ ವಕೀಲರ ಕೇಸಿನಿಂದಲೇ ರಾಜಿಗೆ ಸರ್ಕಾರದ ದುಡ್ಡಿನ ದಾರಿ ತೆರೆಯಿತು.

ದುಡ್ಡು ಬಂದದ್ದು 13ನೇ ಹಣಕಾಸು ಆಯೋಗದ ಮೂಲಕ, 2010ರಿಂದ 2015ರ ಅವಧಿಗೆ. ನ್ಯಾಯಾಂಗದ ಸುಧಾರಣೆಗೆ ಒಟ್ಟು 5,000 ಕೋಟಿ. ಅದರ ವಿಂಗಡಣೆ ಓದೋಕೆ ಮಜವಾಗಿದೆ. ಅರ್ಧ, ಅಂದರೆ 2,500 ಕೋಟಿ, ಬೆಳಗ್ಗೆ ಸಂಜೆ ಪಾಳಿ ಕೋರ್ಟುಗಳಿಗೆ. 450 ಕೋಟಿ ಹಳೇ ಪಾರಂಪರಿಕ ಕೋರ್ಟ್ ಕಟ್ಟಡಗಳ ರಿಪೇರಿಗೆ. ಪರ್ಯಾಯ ವ್ಯಾಜ್ಯ ಪರಿಹಾರ ಕೇಂದ್ರಗಳಿಗೆ ಮತ್ತು ಮಧ್ಯಸ್ಥರ ತರಬೇತಿಗೆ 750 ಕೋಟಿ. ಲೋಕ ಅದಾಲತ್ ಮತ್ತು ಕಾನೂನು ನೆರವು ಎರಡಕ್ಕೂ ಸೇರಿ 300 ಕೋಟಿ. ಐದು ವರ್ಷ ಮುಗಿದಾಗ ಆ 5,000 ಕೋಟಿ ಪೂರ್ತಿ ಖರ್ಚೂ ಆಗಿರಲಿಲ್ಲ. ಆದರೂ ಅನೇಕ ಜಿಲ್ಲಾ ಕೋರ್ಟುಗಳ ಆವರಣದಲ್ಲಿ ಇವತ್ತು ಕಾಣೋ 'ಎಡಿಆರ್ ಕಟ್ಟಡ' ಅನ್ನೋ ಫಲಕದ ಹಿಂದೆ ಈ ಲೆಕ್ಕ ಇದೆ.

ಬೆಂಗಳೂರು ಇದಕ್ಕಾಗಿ ಕಾದು ಕೂರಲಿಲ್ಲ. ಚೆನ್ನೈ, ದೆಹಲಿ 2005ರಲ್ಲಿ ಶುರು ಮಾಡಿದ್ದನ್ನು ನೋಡಿ, ನಮ್ಮ ಹೈಕೋರ್ಟಿನ ಆಶ್ರಯದಲ್ಲಿ 2007ರ ಜನವರಿಯಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. ಮಧ್ಯಸ್ಥರು ತರಬೇತಿ ಪಡೆದ ವಕೀಲರು. ಕೋರ್ಟು ಕಳಿಸಿದ ಕೇಸಿಗೆ ಗಂಡ ಹೆಂಡತಿ ಮಧ್ಯಸ್ಥರಿಗೆ ಒಂದು ರೂಪಾಯಿ ಕೊಡಬೇಕಿಲ್ಲ. ಆಡಿದ ಮಾತು ಗುಟ್ಟಾಗಿರುತ್ತೆ, ರಾಜಿ ಮುರಿದುಬಿದ್ದರೆ ಅಲ್ಲಿ ಹೇಳಿದ್ದನ್ನು ಕೋರ್ಟಿನಲ್ಲಿ ಬಳಸೋ ಹಾಗಿಲ್ಲ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ಇಂಥ ಒಂದು ಕೋಣೆಯಲ್ಲಿ ಐದು ಸಲ ಕೂತು ಬಂದವಳು. ಅವಳು ಹೇಳಿದ್ದು: "ಮೂರು ವರ್ಷ ಲಾಯರ್ ನೋಟಿಸ್‌ಗಳಲ್ಲಿ ಜಗಳ ಆಡಿದ್ವಿ. ಆ ಕೋಣೆಲಿ ಮೊದಲ್ನೇ ಸಲ ಒಬ್ರು ಕೇಳಿದ್ರು, ನಿಮಗೆ ಏನು ಬೇಕು ಅಂತ. ನಂಗೆ ಉತ್ತರಾನೇ ಗೊತ್ತಿರ್ಲಿಲ್ಲ ಕಣೋ." ಅವರಿಬ್ಬರೂ ಒಂದಾಗಲಿಲ್ಲ. ಮಗಳ ಶಾಲೆ ಫೀಸು, ಭಾನುವಾರಗಳು, ಹೋಮ್ ಲೋನು, ಇವಿಷ್ಟನ್ನು ಬರೆದುಕೊಂಡು ಬೇರೆಯಾದರು. ರಾಜಿ ಅಂದರೆ ಮತ್ತೆ ಒಂದೇ ಮನೆಗೆ ಹೋಗೋದು ಅಂತ ತಿಳಿದಿರೋ ನೆಂಟರು ಅವಳ ರಾಜಿ ಫೇಲಾಯಿತು ಅಂತಲೇ ಇವತ್ತಿಗೂ ಹೇಳ್ತಾರೆ.

ಆ ಕೋಣೆಗೆ ಹೋಗೋವಾಗ ಅವಳ ಹತ್ತಿರ ಎರಡು ವಸ್ತು ಇದ್ದವು ಅನ್ನೋದನ್ನೂ ಹೇಳಬೇಕು. ತಿಂಗಳ ಸಂಬಳ ಮತ್ತು ಸ್ವಂತ ವಕೀಲೆ. "ಒಪ್ಪೋದಿಲ್ಲ" ಅಂತ ಎದ್ದು ಬಂದರೂ ಅವಳ ಮನೆಯ ಒಲೆ ಉರಿಯುತ್ತಿತ್ತು. ಎರಡೂ ಇಲ್ಲದವಳಿಗೆ ಅದೇ ಕೋಣೆ, ಅದೇ ಕುರ್ಚಿ ಬೇರೆ ಥರ ಕಾಣುತ್ತೆ. ಎದುರಿಗೆ ಕೂತವನು ಹೊಡೆದವನಾಗಿದ್ದರೆ ಇನ್ನೂ ಬೇರೆ. 2013ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಕೌಟುಂಬಿಕ ನ್ಯಾಯಾಲಯಗಳು ಸಂಸಾರದ ಕೇಸುಗಳಲ್ಲಿ ಮಧ್ಯಸ್ಥಿಕೆಯ ದಾರಿ ಬಳಸಲೇಬೇಕು, 498ಎ ಕೇಸುಗಳಲ್ಲೂ ರಾಜಿಯ ಲಕ್ಷಣ ಕಂಡರೆ ಕಳಿಸಬಹುದು, ಕೇಸು ಹಾಕೋ ಮೊದಲೇ ಬರುವವರಿಗಾಗಿ ಕೇಂದ್ರಗಳಲ್ಲಿ ಸಹಾಯ ಕೌಂಟರ್ ತೆರೆಯಿರಿ ಅಂತ ಹೇಳಿದಾಗ ಹೆಂಗಸರ ಪರ ಕೆಲಸ ಮಾಡೋ ಕೆಲವರು ಹುಬ್ಬು ಗಂಟಿಕ್ಕಿದ್ದು ಇದಕ್ಕೇ. 1983ರ ಎರಡು ಬಾಗಿಲಿನ ಗೊಂದಲ ಮತ್ತೆ ಅಲ್ಲಿಗೇ ಬಂದು ನಿಂತಿತ್ತು.

ಈ ವಿಷಯದಲ್ಲಿ ಇಂಗ್ಲೆಂಡಿನ ಅನುಭವ ಒಂದು ಇದೆ. ಅಲ್ಲಿ 1978ರಲ್ಲಿ ಬ್ರಿಸ್ಟಲ್ ನಗರದಲ್ಲಿ ಸಣ್ಣದಾಗಿ ಶುರುವಾದ ಕೌಟುಂಬಿಕ ಸಂಧಾನ, 1996ರ ಕಾಯ್ದೆಯಿಂದ ಸರ್ಕಾರದ ಕಾನೂನು ನೆರವಿನ ದುಡ್ಡಿಗೆ ಅರ್ಹವಾಯಿತು. ಅಲ್ಲಿಯವರೆಗೆ ಸರಿ. 2013ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಖರ್ಚು ಉಳಿಸೋಕೆ ಹೊರಟು, ವಿಚ್ಛೇದನ, ಮಕ್ಕಳ ಸುಪರ್ದಿಯಂಥ ಬಹುತೇಕ ಕೇಸುಗಳಿಗೆ ವಕೀಲರ ಫೀಸು ಕೊಡೋದನ್ನು ನಿಲ್ಲಿಸಿತು. ಮಧ್ಯಸ್ಥಿಕೆಗೆ ಕೊಡೋದನ್ನು ಮಾತ್ರ ಉಳಿಸಿಕೊಂಡಿತು. ಲೆಕ್ಕಾಚಾರ ಸರಳವಾಗಿತ್ತು: ವಕೀಲರಿಗೆ ದುಡ್ಡಿಲ್ಲ ಅಂದರೆ ಜನ ಮಧ್ಯಸ್ಥರ ಹತ್ತಿರ ಬರ್ತಾರೆ. ಮಧ್ಯಸ್ಥಿಕೆಗಳು ಶೇ. 74ರಷ್ಟು ಹೆಚ್ಚುತ್ತವೆ ಅಂತ ಇಲಾಖೆ ಅಂದಾಜು ಹಾಕಿತ್ತು.

ಮೊದಲ ವರ್ಷದಲ್ಲೇ ಅವು ಶೇ. 38ರಷ್ಟು ಕುಸಿದವು. ಇದನ್ನು ಹೇಳಿದ್ದು ಅಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ, 2014ರ ನವೆಂಬರ್‌ನಲ್ಲಿ. ಎರಡೂ ಕಡೆ ವಕೀಲರಿಲ್ಲದೆ ಕೌಟುಂಬಿಕ ಕೋರ್ಟಿಗೆ ಬಂದ ಕೇಸುಗಳು ಶೇ. 30ರಷ್ಟು ಏರಿದ್ದವು. ಏನಾಗಿತ್ತು ಅಂದ್ರೆ, ಜನರನ್ನು ಮಧ್ಯಸ್ಥರ ಬಾಗಿಲಿಗೆ ಕಳಿಸುತ್ತಿದ್ದವರೇ ವಕೀಲರು! ಸಿಟ್ಟಿನಲ್ಲಿ ಬಂದವರನ್ನು ಕೂರಿಸಿ, ಕೋರ್ಟಿಗೆ ಹೋದರೆ ಇಷ್ಟು ಸಿಗಬಹುದು, ಅದಕ್ಕಿಂತ ಮಾತಾಡಿಕೊಳ್ಳೋದು ಮೇಲು ಅಂತ ತಿಳಿಹೇಳುತ್ತಿದ್ದದ್ದು ಅವರು. ಆ ಕೊಂಡಿ ಕಳಚಿದ ಮೇಲೆ ಜನ ನೇರ ಕೋರ್ಟಿನ ಮೆಟ್ಟಿಲಿಗೇ ಬಂದರು. ಆಮೇಲೆ 2021ರ ಮಾರ್ಚ್‌ನಲ್ಲಿ ಸರ್ಕಾರ ಒಂದು ಕುಟುಂಬಕ್ಕೆ 500 ಪೌಂಡ್‌ವರೆಗಿನ ಮಧ್ಯಸ್ಥಿಕೆ ವೋಚರ್ ಕೊಡೋ ಯೋಜನೆ ತಂದಿತು, ಹತ್ತು ಲಕ್ಷ ಪೌಂಡ್‌ನಿಂದ ಶುರು ಮಾಡಿ ಮತ್ತೆ ಮತ್ತೆ ವಿಸ್ತರಿಸಿತು. ಅದನ್ನು ಬಳಸಿದ ಮೊದಲ 7,200 ಕೇಸುಗಳನ್ನು ನೋಡಿದಾಗ ಶೇ. 69ರಲ್ಲಿ ಪೂರ್ತಿಯಾಗಿಯೋ ಸ್ವಲ್ಪವಾದರೂ ಒಪ್ಪಂದವಾಗಿತ್ತು. ಒಳ್ಳೆ ಫಲವೇ. ಆದರೆ ಅವು ತಾವಾಗಿ ಬಂದ ಕುಟುಂಬಗಳು ಅನ್ನೋದನ್ನು ಮರೆಯಬಾರದು. ಎಲ್ಲರಿಗೂ ಮಧ್ಯಸ್ಥಿಕೆ ಕಡ್ಡಾಯ ಮಾಡೋಣ ಅಂತ 2023ರಲ್ಲಿ ಹೊರಟ ಅದೇ ಸರ್ಕಾರ, ಮಾರನೇ ವರ್ಷ ಅದನ್ನು ಕೈಬಿಟ್ಟಿತು. ಮನೆಯೊಳಗಿನ ಹಿಂಸೆಗೆ ಸಿಕ್ಕವರನ್ನು ಬಲವಂತವಾಗಿ ಒಂದೇ ಮೇಜಿಗೆ ಕೂರಿಸಿದಂತಾಗುತ್ತೆ ಅನ್ನೋ ಆತಂಕ ಅದರ ಹಿಂದೆ ದೊಡ್ಡದಾಗಿ ಕೇಳಿಬಂದಿತ್ತು.

ನಮ್ಮ 2023ರ ಕಾಯ್ದೆಯೂ ಇದೇ ತಿರುವನ್ನು ದಾಟಿ ಬಂದಿದೆ. 2021ರ ಮಸೂದೆಯಲ್ಲಿ ಕೇಸು ಹಾಕೋ ಮೊದಲು ಮಧ್ಯಸ್ಥಿಕೆಗೆ ಹೋಗೋದು ಕಡ್ಡಾಯ ಅಂತ ಇತ್ತು. ಸಂಸದೀಯ ಸಮಿತಿ ಅದನ್ನು ಮತ್ತೆ ಯೋಚಿಸಿ ಅಂದಿತು. ಕೊನೆಗೆ ಬಂದ ಕಾಯ್ದೆಯಲ್ಲಿ ಅದು ಐಚ್ಛಿಕವಾಯಿತು. ಒಳ್ಳೆದಾಯಿತು. ಆದರೆ ಖರ್ಚಿನ ವಿಷಯದಲ್ಲಿ ಕಾಯ್ದೆ ಹೇಳೋದು ಬೇರೆ: ಬೇರೆ ಒಪ್ಪಂದ ಇಲ್ಲದಿದ್ದರೆ ಮಧ್ಯಸ್ಥರ ಫೀಸೂ ಸೇರಿ ಎಲ್ಲ ವೆಚ್ಚವನ್ನು ಎರಡೂ ಕಡೆಯವರು ಸಮಸಮ ಹಂಚಿಕೊಳ್ಳಬೇಕು. ಎರಡು ಕಂಪನಿಗಳ ವ್ಯಾಜ್ಯಕ್ಕೆ ಇದು ನ್ಯಾಯವೇ. ಗಂಡನ ಹೆಸರಲ್ಲಿ ಫ್ಲ್ಯಾಟು, ಕಾರು, ಎಫ್‌ಡಿ ಇದ್ದು, ಹೆಂಡತಿ ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟವಳಾಗಿದ್ದರೆ ಈ 'ಸಮಸಮ' ಎಷ್ಟು ಸಮ? ಕಾಯ್ದೆಯ ಎಲ್ಲ ಸೆಕ್ಷನ್‌ಗಳೂ ಒಟ್ಟಿಗೇ ಜಾರಿಗೆ ಬರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಮೊದಲ ಕಂತು ಮಾತ್ರ ಬಂತು. ಕೋರ್ಟಿನ ಆವರಣದ ಪುಕ್ಕಟೆ ಮಧ್ಯಸ್ಥಿಕೆ, ಖಾಸಗಿಯವರ ಫೀಸಿನ ಮಧ್ಯಸ್ಥಿಕೆ ಎರಡೂ ಪಕ್ಕಪಕ್ಕ ಬೆಳೆಯೋ ಕಾಲ ಇದು. ಉಳ್ಳವರು ಏಸಿ ಕೋಣೆಗೆ, ಇಲ್ಲದವರು ಉದ್ದದ ಕ್ಯೂಗೆ ಅನ್ನೋ ಹಾಗಾಗಬಾರದು.

ಹಾಗಾದರೆ ಸರ್ಕಾರ ಯಾವುದಕ್ಕೆ ದುಡ್ಡು ಕೊಡಬೇಕು? ಈ ಎಪ್ಪತ್ತು ವರ್ಷದ ಲೆಕ್ಕಪುಸ್ತಕ ತಿರುವಿ ಹಾಕಿದ ಮೇಲೆ ನನಗೆ ಅನ್ನಿಸೋದು ಇಷ್ಟು. ಬಜೆಟ್‌ಗಳಿಗೆ ಕಟ್ಟಡ ಅಂದರೆ ಪ್ರೀತಿ. ಕಲ್ಲಿನ ಫಲಕ ಹಾಕಿಸಬಹುದು, ಫೋಟೋ ತೆಗೆಸಬಹುದು. ಸಮಾಲೋಚಕಿಯ ತಿಂಗಳ ಗೌರವಧನ ಅಂದರೆ ಅಷ್ಟು ಪ್ರೀತಿ ಇಲ್ಲ. ಆದರೆ ಮಾತು ಕೇಳೋದು ಕಟ್ಟಡವಲ್ಲ, ಅವಳು. ಎರಡನೆಯದು, ರಾಜಿಗೆ ಕೊಡೋ ದುಡ್ಡನ್ನು ವಕೀಲರ ನೆರವಿನ ದುಡ್ಡಿಂದ ಕಿತ್ತು ಕೊಡಬಾರದು. 750 ಕೋಟಿಯ ಪಕ್ಕದಲ್ಲಿ ಆ 300 ಕೋಟಿಯೂ ಬೆಳೆಯಬೇಕು. ಕೇಸು ಹಾಕೋ ಶಕ್ತಿ ಇರುವವಳು ಮಾತ್ರ ರಾಜಿಯನ್ನು ಮನಸಾರೆ ಒಪ್ಪಬಲ್ಲಳು, ಇಲ್ಲದವಳು ಸುಮ್ಮನೆ ತಲೆಯಾಡಿಸ್ತಾಳೆ.

ಆ ಶಕ್ತಿಯ ಒಂದು ತುಣುಕು ಈಗಾಗಲೇ ಕಾನೂನಿನಲ್ಲಿದೆ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಈ ದೇಶದ ಯಾವ ಹೆಂಗಸೇ ಆಗಲಿ ಉಚಿತ ಕಾನೂನು ನೆರವಿಗೆ ಅರ್ಹಳು. ಅವಳ ಆದಾಯ ಎಷ್ಟು ಅಂತ ಅಲ್ಲಿ ಲೆಕ್ಕ ಕೇಳೋ ಹಾಗಿಲ್ಲ. 15100 ಅನ್ನೋ ಸಹಾಯವಾಣಿಗೆ ಫೋನ್ ಮಾಡಬಹುದು, ಬೆಂಗಳೂರಿನಲ್ಲಾದರೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರೋ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನಡೆದೇ ಹೋಗಬಹುದು. ತಿಂಗಳಿಗೆ ಲಕ್ಷ ದುಡಿಯೋ ನಿಮ್ಮ ಪಕ್ಕದ ಸೀಟಿನ ಹುಡುಗಿಗೂ ಆ ಹಕ್ಕಿದೆ, ನಿಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕನಿಗೂ ಇದೆ. ಹುಡುಗಿ ಗೂಗಲ್ ಮಾಡಿ ತಿಳಕೊಳ್ತಾಳೆ. ಅಕ್ಕನಿಗೆ ನೀವೇ ಹೇಳಬೇಕು.